ಸ್ಟೀಮ್ ಲೈನಿನ ಓ-ರಿಂಗ್ ಬದಲಾಗುತ್ತಿದೆ, ರೇಟೂ ಸ್ವಲ್ಪ ಏರುತ್ತಿದೆ

ನಮಸ್ಕಾರ,

ಮುಂದಿನ ತಿಂಗಳಿಂದ ಸ್ಟೀಮ್, ಬಿಸಿನೀರು, ಆಸಿಡ್ ಲೈನಿಗೆ ನಾವು ಕಳಿಸುವ ಎಫ್‌ಕೆಎಂ ಓ-ರಿಂಗ್‌ಗಳನ್ನು (ಎಫ್‌ಕೆಎಂ ಅಂದರೆ ಫ್ಲೋರಿನ್ ಇರುವ ರಬ್ಬರ್; ನೀವೆಲ್ಲ ವಿಟಾನ್ ಅಂತಲೇ ಕೇಳೋದು, ಅದು ಒಂದು ಬ್ರ್ಯಾಂಡಿನ ಹೆಸರು, ಇರಲಿ) ಬೇರೆ ರೀತಿ ಕ್ಯೂರ್ ಮಾಡುತ್ತೇವೆ, ಅಂದರೆ ರಬ್ಬರಿನ ಉದ್ದುದ್ದ ಅಣು ಸರಪಳಿಗಳನ್ನು ಬಿಸಿಯಲ್ಲಿ ಒಂದಕ್ಕೊಂದು ಕಟ್ಟುವ ರೀತಿ ಬದಲಾಗುತ್ತದೆ. ಎಣ್ಣೆಗೆ, ಒಣ ಬಿಸಿಗೆ ಕೊಳ್ಳುವವರಿಗೆ ಹಳೆಯದೇ ಬರುತ್ತದೆ.

ಹೋದ ಮಳೆಗಾಲದಲ್ಲಿ ಒಬ್ಬ ಗ್ರಾಹಕರು ಸ್ಟೀಮ್ ವಾಲ್ವಿನಿಂದ ಬಿಚ್ಚಿದ ರಿಂಗುಗಳನ್ನು ಕವರಿನಲ್ಲಿ ತಂದು ಟೇಬಲ್ ಮೇಲೆ ಸುರಿದರು. ಊದಿಕೊಂಡು ಗ್ರೂವಿಗೆ ಮತ್ತೆ ಕೂರುತ್ತಿರಲಿಲ್ಲ, ಉಗುರು ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು. ಫಿಟ್ಟಿಂಗ್ ಸರಿಯಿಲ್ಲ ಅಂತ ವಾದ ಮಾಡಿದೆವು. ತಪ್ಪು ನಮ್ಮದೇ.

ಟೈರಿನ ರಬ್ಬರಿಗೆ ಗಂಧಕ ಹಾಕಿ ಬೇಯಿಸಿದರೆ ಆಯಿತು. ಎಫ್‌ಕೆಎಂನಲ್ಲಿ ಗಂಧಕ ಹಿಡಿಯಲು ಡಬಲ್ ಬಾಂಡೇ (ಇಂಗಾಲಗಳ ನಡುವಿನ ಜೋಡಿ ಬಂಧ) ಇಲ್ಲ. ಅದಕ್ಕೇ ನಮ್ಮ ಹಳೇ ರೀತಿಯಾದ ಬಿಸ್‌ಫೀನಾಲ್ ಕ್ಯೂರಿನಲ್ಲಿ ಮೊದಲು ಸರಪಳಿಯಿಂದ ಒಂದಿಷ್ಟು ಹೈಡ್ರೋಜನ್ ಫ್ಲೋರೈಡ್ ಕಿತ್ತು ಡಬಲ್ ಬಾಂಡ್ ಮಾಡಿಕೊಳ್ಳುತ್ತೇವೆ, ಆ ಜಾಗಕ್ಕೆ ಬಿಸ್‌ಫೀನಾಲ್ ಬಂದು ಎರಡು ಸರಪಳಿಗಳನ್ನು ಕಟ್ಟುತ್ತದೆ. ಕಿತ್ತದ್ದು ಆಸಿಡ್, ಸುಮ್ನೆ ಬಿಡೋ ಹಾಗಿಲ್ಲ, ಹೀರಿಕೊಳ್ಳೋಕೆ ಏನಾದರೂ ಬೇಕು. ಹಾಗಾಗಿ 100 ಭಾಗ ರಬ್ಬರಿಗೆ 3 ಭಾಗ ಮೆಗ್ನೀಸಿಯಂ ಆಕ್ಸೈಡ್, 6 ಭಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೀಳುತ್ತದೆ, ಅಂದರೆ ಎಲೆ ಅಡಿಕೆಗೆ ಹಚ್ಚುವ ಸುಣ್ಣವೇ. ಅದರ ಶೇಷ ರಿಂಗಿನೊಳಗೇ ಕೂತಿರುತ್ತದೆ. ಎಣ್ಣೆಯಲ್ಲಿ ಏನೂ ಮಾಡಲ್ಲ, ಸ್ಟೀಮ್ ಸಿಕ್ಕರೆ ನೀರು ಎಳೆಯುತ್ತದೆ. ಕವರಿನಲ್ಲಿ ಬಂದದ್ದು ಅದೇ ಕಥೆ.

ಹೊಸದು ಪೆರಾಕ್ಸೈಡ್ ಕ್ಯೂರ್. ಇದಕ್ಕೆ ಸರಪಳಿಯಲ್ಲಿ ಅಲ್ಲಲ್ಲಿ ಬ್ರೋಮಿನ್ ಅಥವಾ ಅಯೋಡಿನ್ ಕೂರಿಸಿದ ಎಫ್‌ಕೆಎಂ ಗ್ರೇಡೇ ಬೇಕು. ಪ್ರೆಸ್ಸಿನ ಬಿಸಿಗೆ ಪೆರಾಕ್ಸೈಡ್ ಒಡೆದಾಗ ಆ ಪರಮಾಣುಗಳು ಕಳಚುತ್ತವೆ, ತೆರವಾದ ಜಾಗಗಳನ್ನು ಟಿಎಐಸಿ ಅನ್ನುವ ಇನ್ನೊಂದು ಕೆಮಿಕಲ್ ಜೋಡಿಸುತ್ತದೆ. ಸುಣ್ಣದ ಕೆಲಸವೇ ಇಲ್ಲ.

ಹಾಗಂತ ಎಲ್ಲದಕ್ಕೂ ಇದೇ ಒಳ್ಳೆಯದು ಅಂದುಕೊಳ್ಳಬೇಡಿ. ಒಣ ಬಿಸಿಯಲ್ಲಿ ತಿಂಗಳುಗಟ್ಟಲೆ ಒತ್ತಿಕೊಂಡಿದ್ದು ಮತ್ತೆ ಮೊದಲಿನ ಆಕಾರಕ್ಕೆ ಬರುವ ವಿಷಯದಲ್ಲಿ ನಮ್ಮ ಹಳೇ ಬಿಸ್‌ಫೀನಾಲ್ ಕಾಂಪೌಂಡೇ ಮೇಲು. ಹೊಸದರ ಗ್ರೇಡ್ ದುಬಾರಿ, ಮೋಲ್ಡಿಗೆ ಅಂಟುವುದೂ ಜಾಸ್ತಿ, ಬಿಡಿಸುವಾಗ ಹರಿದು ಸ್ಕ್ರ್ಯಾಪ್ ಆಗುತ್ತದೆ. ರೇಟ್ ಏರಿದ್ದು ಇದಕ್ಕೇ. ಹೊಸ ಲಿಸ್ಟ್ ಜೊತೆಗಿದೆ.

ಎರಡೂ ಕಪ್ಪೇ, ಕಣ್ಣಲ್ಲಿ ನೋಡಿ ಗೊತ್ತಾಗಲ್ಲ. ಹೊಸದರ ಪ್ಯಾಕೆಟ್ ಮೇಲೆ ಹಸಿರು ಚುಕ್ಕಿ ಇರುತ್ತದೆ, ಹಾಕುವ ತನಕ ಪ್ಯಾಕೆಟ್ಟಿನಿಂದ ತೆಗೆಯಬೇಡಿ. ಸ್ಟೀಮಿಗೆ ಅಂತ ತೆಗೆದುಕೊಂಡು ಇನ್ನೂ ಬಳಸದ ಹಳೇ ರಿಂಗ್ ಇದ್ದರೆ ವಾಪಸ್ ಕಳಿಸಿ, ಬದಲಿಸಿ ಕೊಡುತ್ತೇವೆ. ಬಿಚ್ಚಿದ್ದನ್ನು ಕಸದ ಜೊತೆ ಸುಡಬೇಡಿ, ಸುಟ್ಟರೆ ಅದೇ ಹೈಡ್ರೋಜನ್ ಫ್ಲೋರೈಡ್ ಹೊಗೆಯಾಗಿ ಬರುತ್ತದೆ.