ಡಿಷ್ ಬರುವ ಮೊದಲು ಮಾಸ್ಟ್ ಇತ್ತು

ಮಾನ್ಯ ಸಂಪಾದಕರೇ,

ಟಿ.ವಿ. ಸುದ್ದಿಯ ನೇರಪ್ರಸಾರ ವ್ಯಾನುಗಳ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಉಪಗ್ರಹದಿಂದಲೇ ಶುರುವಾಗುತ್ತದೆ. ನಮ್ಮ ಖಾಸಗಿ ಸುದ್ದಿ ವಾಹಿನಿಗಳು ಬೇರೂರುವ ಹೊತ್ತಿಗೆ ತಲೆಯ ಮೇಲೆ ಡಿಷ್ ಹೊತ್ತ ಒ.ಬಿ. (ಹೊರಾಂಗಣ ಪ್ರಸಾರ) ವ್ಯಾನು ಸಿದ್ಧವಾಗಿತ್ತು, ಹಾಗಾಗಿ ಈ ಭಾವನೆ ಸಹಜ. ಆದರೆ ಅಮೆರಿಕದ ಸ್ಥಳೀಯ ವಾಹಿನಿಗಳು ಈ ಕೆಲಸ ಕಲಿತದ್ದು 1970ರ ದಶಕದಲ್ಲಿ, ಉಪಗ್ರಹವಿಲ್ಲದೆ ವ್ಯಾನಿನಿಂದ ನೇರ ರಿಸೀವರಿಗೆ ಹಾಯುವ ರೇಡಿಯೊ ಅಲೆಯಾದ ಮೈಕ್ರೋವೇವ್‌ನಿಂದ. ಉಪಗ್ರಹ ವ್ಯಾನುಗಳ ಜಾಲ ಕಟ್ಟಿದ ಕೋನಸ್ ಸಂಸ್ಥೆ ಹುಟ್ಟಿದ್ದು 1984ರಲ್ಲಿ.

ಅದಕ್ಕೂ ಹತ್ತು ವರ್ಷ ಮೊದಲು, 1974ರ ಮೇ 17ರಂದು, ಲಾಸ್ ಏಂಜಲೀಸ್‌ನ ಮನೆಯೊಂದರಲ್ಲಿ ಅಡಗಿದ್ದ ಸಿಂಬಯೊನೀಸ್ ಲಿಬರೇಷನ್ ಆರ್ಮಿ ಎಂಬ ಸಶಸ್ತ್ರ ಉಗ್ರ ಗುಂಪಿನವರ ಮೇಲೆ ಪೊಲೀಸರು ನಡೆಸಿದ ಗುಂಡಿನ ದಾಳಿಯನ್ನು ಕೆಎನ್‌ಎಕ್ಸ್‌ಟಿ ವಾಹಿನಿ ಹೊತ್ತೊಯ್ಯಬಲ್ಲ ವಿಡಿಯೊ ಕ್ಯಾಮೆರಾವಾದ ಮಿನಿಕ್ಯಾಮ್‌ನಿಂದ ನೇರವಾಗಿ ತೋರಿಸಿತು. ಅಂದಿನ ಸುದ್ದಿಯೆಲ್ಲ ಹೆಚ್ಚಾಗಿ 16 ಮಿ.ಮೀ. ಫಿಲಂ. ಅದನ್ನು ಲ್ಯಾಬಿನಲ್ಲಿ ತೊಳೆಯದೆ ಏನೂ ಕಾಣುತ್ತಿರಲಿಲ್ಲ.

ವ್ಯಾನಿನ ಜೀವಾಳ ಮಾಸ್ಟ್, ಅಂದರೆ ಆಂಟೆನಾ ಹೊರುವ ಕಂಬ. ಒಂದರೊಳಗೊಂದು ಕೂರುವ ಅಲ್ಯೂಮಿನಿಯಂ ಕೊಳವೆಗಳಿಗೆ ಕಂಪ್ರೆಸರ್ ಗಾಳಿ ತುಂಬಿದರೆ 40-50 ಅಡಿ ಏಳುತ್ತದೆ. ತುದಿಯಲ್ಲಿ 2 ಗಿಗಾಹರ್ಟ್ಸ್ ಆಸುಪಾಸಿನ ಆಂಟೆನಾ. ಎತ್ತರದ ಕಟ್ಟಡ ಅಥವಾ ಬೆಟ್ಟದ ಮೇಲಿನ ರಿಸೀವರ್ ಅದಕ್ಕೆ ಅಡ್ಡಿಯಿಲ್ಲದೆ ಕಾಣಬೇಕು. ಸ್ಟುಡಿಯೊ ಎಂಜಿನಿಯರ್ ಮೀಟರ್ ಮುಳ್ಳು ನೋಡುತ್ತ ವೈರ್‌ಲೆಸ್‌ನಲ್ಲಿ 'ಎಡಕ್ಕೆ, ಇನ್ನಷ್ಟು, ಸಾಕು' ಎನ್ನುತ್ತಿದ್ದರೆ, ವ್ಯಾನಿನಲ್ಲಿದ್ದವರು ಅದರಂತೆ ಆಂಟೆನಾ ತಿರುಗಿಸಬೇಕು. ಸೀಲ್ ಸವೆದಿದ್ದರೆ ಗಾಳಿ ಸೋರಿ, ಪ್ರಸಾರದ ನಡುವೆಯೇ ಮಾಸ್ಟ್ ಮೆಲ್ಲನೆ ಕುಸಿಯುತ್ತದೆ.

ಎದುರಿಗೆ ಕಟ್ಟಡ ಬಂದರೆ? ನಿಜವಾದ ಕೈಚಳಕ ಇದ್ದದ್ದು ಇಲ್ಲೇ. ಬೇರೊಂದು ಕಟ್ಟಡದ ಗೋಡೆಗೆ ಅಲೆಯನ್ನು ಬಡಿಸಿ ರಿಸೀವರ್‌ಗೆ ತಲುಪಿಸುತ್ತಿದ್ದರು. ಆದರೆ ಒಂದೇ ಸಿಗ್ನಲ್ ಎರಡು ದಾರಿಯಲ್ಲಿ ಬಂದರೆ ಚಿತ್ರ ಹರಿದು ಬಣ್ಣ ಕೆಡುತ್ತದೆ. ಇದಕ್ಕೆ ಸರ್ಕ್ಯುಲರ್ ಪೋಲರೈಸೇಷನ್, ಅಂದರೆ ಅಲೆಯನ್ನು ಸುತ್ತುತ್ತ ಸಾಗುವಂತೆ ಕಳಿಸುವುದು, ಮದ್ದಾಯಿತು. ಬಲಕ್ಕೆ ಸುತ್ತುತ್ತ ಹೊರಟ ಅಲೆ ಗೋಡೆಗೆ ಒಮ್ಮೆ ಬಡಿದರೆ ಎಡಕ್ಕೆ ಸುತ್ತತೊಡಗುತ್ತದೆ, ಬಲಸುತ್ತಿನ ರಿಸೀವರ್ ಅದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಗೋಡೆಯ ಅಲೆಯೇ ಬೇಕಿದ್ದಾಗ ರಿಸೀವರನ್ನು ಎಡಸುತ್ತಿಗೆ ಬದಲಿಸಿದರಾಯಿತು.

ಸಿಗ್ನಲ್ ಬಂದರೂ ಕೆಲಸ ಮುಗಿಯುತ್ತಿರಲಿಲ್ಲ. ವ್ಯಾನಿನ ಕ್ಯಾಮೆರಾ ಸ್ಟುಡಿಯೊದ ಚಿತ್ರತಾಳಕ್ಕೆ, ಅಂದರೆ ಸಿಂಕ್‌ಗೆ ಹೊಂದದಿದ್ದರೆ ಒಂದರಿಂದ ಇನ್ನೊಂದಕ್ಕೆ ಕಟ್ ಮಾಡಿದೊಡನೆ ಚಿತ್ರ ಉರುಳುತ್ತದೆ. ಬಂದ ಚಿತ್ರವನ್ನು ಕ್ಷಣಮಾತ್ರ ಹಿಡಿದಿಟ್ಟು ತಾಳಕ್ಕೆ ಕೂರಿಸುವ ಡಿಜಿಟಲ್ ಫ್ರೇಮ್ ಸಿಂಕ್ರನೈಜರ್ 1970ರ ದಶಕದ ನಡುವಿನಲ್ಲಿ ಬಂದ ಮೇಲೆಯೇ ಈ ತೊಂದರೆ ಕಳೆಯಿತು.

ಲೇಖನ ಬಿಟ್ಟ ಇನ್ನೊಂದು ಮಾತು ಅಪಾಯದ್ದು. ಮಾಸ್ಟ್ ವಿದ್ಯುತ್ ತಂತಿಗೆ ತಾಗಿ ಅಮೆರಿಕದಲ್ಲಿ ಹಲವರು ಸತ್ತಿದ್ದಾರೆ, ಸುಟ್ಟುಕೊಂಡಿದ್ದಾರೆ. ಎತ್ತುವ ಮುನ್ನ ವ್ಯಾನಿನಿಂದ ಇಳಿದು ಮೇಲೆ ನೋಡಬೇಕು, ರಾತ್ರಿಯಾದರೆ ದೀಪ ಹಾಯಿಸಬೇಕು. ಇಳಿಜಾರಿನಲ್ಲಿ, ಜೋರು ಗಾಳಿಯಲ್ಲಿ ಎತ್ತಲೇಬಾರದು. ತಂತಿಗೆ ತಾಗಿಬಿಟ್ಟರೆ ಒಳಗಿದ್ದವರು ಒಳಗೇ ಇರಬೇಕು: ಒಂದು ಕೈ ವ್ಯಾನಿನ ಮೇಲೆ, ಒಂದು ಕಾಲು ನೆಲದ ಮೇಲೆ ಇದ್ದರೆ ವಿದ್ಯುತ್ ಮೈಯೊಳಗಿಂದಲೇ ನೆಲಕ್ಕೆ ಹರಿಯುತ್ತದೆ. ಬೆಂಕಿ ಹತ್ತಿ ಹೊರಬರಲೇಬೇಕಾದರೆ ವ್ಯಾನನ್ನು ಮುಟ್ಟದೆ ಎರಡೂ ಪಾದ ಜೋಡಿಸಿ ಹೊರಕ್ಕೆ ಜಿಗಿದು, ಪಾದ ಅಗಲಿಸದೆ ಪುಟ್ಟ ಪುಟ್ಟ ಕುಪ್ಪಳಿಕೆಯಲ್ಲಿ ದೂರ ಸರಿಯಬೇಕು. ಮಾಸ್ಟ್ ಇರುವ ವಾಹನದಲ್ಲಿ ಇಂದು ಕೆಲಸ ಮಾಡುವವರಿಗೂ ಇದೇ ನಿಯಮ. ಲೇಖನದ ಮುಂದಿನ ಕಂತಿನಲ್ಲಿ ಇದನ್ನು ಸೇರಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಪ್ರಸಾರ ಎಂಜಿನಿಯರ್, ಬೆಂಗಳೂರು