ಯಾರೂ ಏನೂ ಹೇಳದಿದ್ರೆ ಅಂತ ಕೇಳಿದ್ಯಲ್ಲ

ಡೊಂಬಿವಲಿ
ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ಮನೆ ಸುದ್ದಿ ಎಲ್ಲ ನಿಮ್ಮಮ್ಮ ಫೋನಲ್ಲಿ ಹೇಳ್ತಾನೇ ಇರ್ತಾಳೆ, ಅದನ್ನ ಬಿಡ್ತೀನಿ. ನೀನು ಬರೆದ ಇಂಗ್ಲಿಷ್ ಕಾದಂಬರಿಗೆ ಪ್ರಕಾಶಕರನ್ನ ಹುಡುಕಿಕೊಡೋ ಏಜೆಂಟ್ ನೋಡ್ಲಾ, ಇಲ್ಲ ನಾನೇ ದುಡ್ಡು ಹಾಕಿ ಪುಸ್ತಕ ಮಾಡ್ಕೊಳ್ಳಾ ಅಂತ ಪುಟಗಟ್ಟಲೆ ಲೆಕ್ಕ ಹಾಕಿದೀಯ, ಅದೆಲ್ಲ ಓದಿದೆ, ಆದ್ರೆ ಮಧ್ಯದಲ್ಲಿ ಒಂದು ಮಾತು ಬರ್ದಿದೀಯ ನೋಡು, "ಬೇಡ ಅಂದ್ರೆ ತಡ್ಕೋತೀನಿ ದೊಡ್ಡಮ್ಮಾ, ಯಾರೂ ಏನೂ ಹೇಳದೇ ಹೋದ್ರೆ ನಾನು ಬರ್ದೇ ಇಲ್ವೇನೋ ಅನ್ನೋ ಹಾಗೆ ಆಗ್ಬಿಡತ್ತೆ" ಅಂತ, ಅದನ್ನ ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ ನನಗೆ.

ನಿಮ್ಮ ದೊಡ್ಡಪ್ಪ ಕವನ ಬರೀತಿದ್ರು ಅಂತ ನಿಮಗೆಲ್ಲ ಗೊತ್ತು. ಕಾದಂಬರೀನೂ ಒಂದಿತ್ತು ಅನ್ನೋದು ಗೊತ್ತಿರ್ಲಿಕ್ಕಿಲ್ಲ. ನಾವು ಪರೇಲಿನ ಚಾಳಲ್ಲಿದ್ದಾಗ, 1982ರ ಜನವರೀಲಿ ಮಿಲ್ ಮುಷ್ಕರ ಶುರುವಾಗಿ ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಕೂತ್ರಲ್ಲ, ಆಗ ನಮ್ಮ ಸಾಲಿನ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚೋದೇ ಕಷ್ಟ ಆಗಿತ್ತು, ಅವರು ಅದನ್ನೇ ಬರೆದ್ರು. ರಾತ್ರಿ ಎಲ್ಲ ಮಲಗಿದ ಮೇಲೆ ಹೊರಗಿನ ಗ್ಯಾಲರಿ ಲೈಟಲ್ಲಿ ಕೂತು, ಹಾಳೆಯ ಎರಡೂ ಮಗ್ಗುಲಿಗೆ. ಬರ್ದಿದ್ದನ್ನ ನಮಗೆ ಯಾರಿಗೂ ತೋರಿಸ್ಲಿಲ್ಲ, ಅಚ್ಚಾಗಿ ಬರ್ಲಿ ಆಮೇಲೆ ಓದು ಅಂತಿದ್ರು. ಇದ್ದ ಒಂದೇ ಪ್ರತೀನ ಊರ ಕಡೆಯ ಒಬ್ಬ ಪ್ರಕಾಶಕರಿಗೆ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿದ್ರು. ತಲುಪಿದ ಅಕ್ನಾಲೆಜ್‌ಮೆಂಟ್ ಕಾರ್ಡ್ ವಾಪಸ್ ಬಂತು, ಅದರ ಮೇಲೆ ಯಾರದೋ ಒಂದು ಸಹಿ. ಅಷ್ಟೇ ಬಂದಿದ್ದು. ಇವರು ಮತ್ತೆ ಕಾಗದ ಬರೆದ್ರು, ಜವಾಬಿ ಕಾರ್ಡ್ ಇಟ್ಟು ಬರೆದ್ರು. ದಿನಾ ಆಫೀಸಿಂದ ಬಂದವರು ಚಪ್ಪಲಿ ಬಿಡೋ ಮುಂಚೆ ಪೋಸ್ಟ್ ಬಂತಾ ಅಂತ ಕೇಳೋರು, ಆಮೇಲಾಮೇಲೆ ಕೇಳೋದೂ ಬಿಟ್ರು, ಬರೆಯೋದೂ ಬಿಟ್ರು.

ನನಗೆ ಇವತ್ತಿಗೂ ಕೊರಗು ಏನು ಗೊತ್ತಾ, ಆ ಪ್ರಕಾಶಕರು ಕಟ್ಟು ಬಿಚ್ಚಿ ನೋಡಿದ್ರೋ ಇಲ್ವೋ ಅದೇ ನಮಗೆ ಗೊತ್ತಿಲ್ಲ. ಇವರು ಮಾತ್ರ, ಓದಿ ಏನೂ ಇಲ್ಲ ಅಂತ ಸುಮ್ಮನಾಗಿದಾರೆ ಅಂದ್ಕೊಂಡ್ರು. ಒಂದು ಆಫೀಸಿನ ಕಪಾಟು ತೀರ್ಪು ಕೊಟ್ಟ ಹಾಗೆ ಆಯ್ತು. ಚಾಳಲ್ಲಿ ಎದುರು ಮನೆ ಮಾಸ್ತರರು ಇದ್ರು, ಧಾರವಾಡದ ಮನೋಹರ ಗ್ರಂಥಮಾಲೆಗೆ ಚಂದಾ ಕಟ್ಟಿ ಪುಸ್ತಕ ತರಿಸ್ಕೊಂಡು ಓದೋರು, ಅವರಾದ್ರೂ ನಾಲ್ಕು ಪುಟ ಓದಿ ಹೀಗಿದೆ ಹಾಗಿದೆ ಅಂದಿದ್ರೆ ಅಂತ ಅನ್ಸತ್ತೆ.

ಈಗ ನಿನ್ನ ಏಜೆಂಟರ ವಿಷಯ. ನನಗೆ ಗೊತ್ತಿರೋದು ಕಮ್ಮಿ, ಕಾಲೇಜು ಲೈಬ್ರರೀಲಿ ಇದ್ದೆ ಅಂತ ಪುಸ್ತಕದ ವ್ಯವಹಾರ ಎಲ್ಲ ಗೊತ್ತು ಅಂದ್ಕೋಬೇಡ. ನಮ್ಮ ಕನ್ನಡದಲ್ಲಿ ಬರೆದವರೇ ಪ್ರಕಾಶಕರ ಹತ್ರ ಹೋಗೋದು ನಾನು ನೋಡಿದ್ದು, ನೀನು ಇಂಗ್ಲಿಷಲ್ಲಿ ಬರೆದಿದೀಯ, ಅಲ್ಲಿನ ದಾರಿ ಬೇರೆ. ನನ್ನ ಜೊತೆ ಕೆಲಸ ಮಾಡ್ತಿದ್ದವಳ ಮಗಳು ಈ ದಾರೀಲಿ ಹೋಗಿದಾಳೆ, ಅವಳನ್ನ ಫೋನ್ ಮಾಡಿ ಕೇಳ್ದೆ. ಒಂದು ಕವರಿಂಗ್ ಲೆಟರ್, ಕಥೆಯ ಸಾರಾಂಶ, ಮೊದಲ ಮೂರು ಅಧ್ಯಾಯ, ಹೆಚ್ಚಾಗಿ ಇಷ್ಟೇ ಕೇಳ್ತಾರಂತೆ. ಪುಸ್ತಕ ಮಾರಾಟ ಆದ್ರೆ ನಿನಗೆ ಬರೋ ದುಡ್ಡಲ್ಲಿ ಅವರಿಗೆ ಸಾಮಾನ್ಯವಾಗಿ 15 ಪರ್ಸೆಂಟ್, ಹೊರದೇಶದ ಹಕ್ಕು ಮಾರಿಕೊಟ್ರೆ 20ರ ತನಕ. ಮೊದಲೇ ಓದೋಕೆ ಫೀಸು ಅಂತ ಕೇಳಿದ್ರೆ ಅಂಥವರ ಸಹವಾಸ ಬೇಡ ಅಂದ್ಲು. ಇನ್ನೊಂದು ಹೇಳಿದ್ಲು, ಅದು ನಿನಗೆ ಬೇಕಾದ ಮಾತು: ಎಷ್ಟೋ ಏಜೆನ್ಸಿಯವರು ಇಷ್ಟು ವಾರದಲ್ಲಿ ಉತ್ತರ ಬರದಿದ್ರೆ ಇಲ್ಲ ಅಂತ ತಿಳ್ಕೊಳಿ ಅಂತ ತಮ್ಮ ಸೈಟಲ್ಲೇ ಹಾಕಿರ್ತಾರಂತೆ. ಅಂದ್ರೆ ಅಲ್ಲಿ ಸುಮ್ಮನಿರೋದೇ ಪದ್ಧತಿ ಪುಟ್ಟಿ. ಸಾವಿರಾರು ಜನ ಕಳಿಸ್ತಾರೆ, ಇಬ್ಬರೋ ಮೂವರೋ ಕೂತು ನೋಡ್ತಾರೆ. ಅದರಿಂದ ನೀನು ಬರೆದದ್ದು ಬರೆಯದೇ ಹೋದ ಹಾಗೆ ಆಗಲ್ಲ. ಒಬ್ಬರಿಗೆ ಕಳಿಸಿ ಕಾಯ್ತಾ ಕೂರಬೇಡ, ಬೇರೆಯವರಿಗೂ ಕಳಿಸಬೇಡಿ ಅಂತ ಅವರು ಹೇಳಿಲ್ಲದಿದ್ರೆ ಏಳೆಂಟು ಜನಕ್ಕೆ ಒಟ್ಟಿಗೇ ಕಳಿಸು.

ನನ್ನ ಹೆದರಿಕೆ ಬೇರೆ ಕಡೆ ಇದೆ. ದುಡ್ಡು ತಗೊಂಡು ಪುಸ್ತಕ ಮಾಡಿಕೊಡೋ ಒಂದು ಕಂಪನಿಯವರು, ನೀನು ಮೇಲ್ ಕಳಿಸಿದ ಮಾರನೇ ದಿನಾನೇ ಫೋನ್ ಮಾಡಿ "ಮ್ಯಾಡಮ್, ನಿಮ್ಮ ಬರವಣಿಗೆ ಅದ್ಭುತ" ಅಂದ್ರು ಅಂತ ಬರ್ದಿದೀಯ, ಆಮೇಲೆ ಎಂಬತ್ತು ಸಾವಿರದ ಪ್ಯಾಕೇಜ್ ಅಂತ ಬರ್ದಿದೀಯ. ಆ ಸಾಲಲ್ಲಿ ನಿನ್ನ ಸಂತೋಷ ಕಂಡು ನನಗೆ ಹೊಟ್ಟೆ ಸಂಕಟ ಆಯ್ತು. ಇಷ್ಟು ದೊಡ್ಡ ಕಾದಂಬರೀನ ಒಂದು ರಾತ್ರೀಲಿ ಯಾರು ಓದಿದ್ರು? ಬೇರೆಯವರೆಲ್ಲ ಸುಮ್ಮನಿರೋವಾಗ ಒಬ್ಬರು ಮಾತಾಡಿದ್ರೆ ಮನಸ್ಸು ಅಲ್ಲಿಗೇ ಓಡತ್ತೆ, ಹಸಿದವರಿಗೆ ಎಲೆ ಹಾಕಿದ ಹಾಗೆ. ನಿಮ್ಮ ದೊಡ್ಡಪ್ಪನಿಗೆ ಆ ಕಾಲದಲ್ಲಿ ಹಾಗೆ ಯಾರಾದ್ರೂ ಫೋನ್ ಮಾಡಿದ್ರೆ ನನ್ನ ಬಳೆ ಮಾರಿಯಾದ್ರೂ ಕೊಟ್ಟಿರ್ತಿದ್ರು, ನಾನೂ ಬೇಡ ಅಂತಿರ್ಲಿಲ್ಲ.

ಆ ಪ್ಯಾಕೇಜ್ ಪಟ್ಟೀಲಿ ಪುಸ್ತಕದ ಗುರುತಿನ ನಂಬರಿಗೆ, ಅಂದ್ರೆ ಐಎಸ್‌ಬಿಎನ್‌ಗೆ ದುಡ್ಡು ಹಾಕಿದಾರಲ್ಲ, ನಮ್ಮ ದೇಶದಲ್ಲಿ ಅದು ಉಚಿತ, ದಿಲ್ಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿಗೆ ಆನ್‌ಲೈನಲ್ಲಿ ಅರ್ಜಿ ಹಾಕಿದ್ರೆ ಬರೆದವರಿಗೇ ಕೊಡ್ತಾರೆ. ಕಾಪಿರೈಟ್ ನೀನು ಬರೆದ ಕ್ಷಣದಿಂದ ನಿನ್ನದೇ, ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ, ಮಾಡಿಸಿದ್ರೂ ಸರಕಾರಿ ಫೀಸು 500 ರೂಪಾಯಿ.

ನೀನೇ ಪುಸ್ತಕ ತರೋದು ಅವಮಾನ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡ. ನಮ್ಮ ಗಳಗನಾಥರು ತಮ್ಮ ಪುಸ್ತಕಾನ ತಾವೇ ಹೊತ್ಕೊಂಡು ಊರೂರು ಅಲೆದು ಮಾರಿದವರು, ಕನ್ನಡದಲ್ಲಿ ಕಾದಂಬರಿ ಓದೋ ಜನ ಹುಟ್ಟಿದ್ದೇ ಅಂಥವರಿಂದ. ಈಗ ಹೊರೋದು ಬೇಕಿಲ್ಲ, ಅಮೆಜಾನಿನ ಕಿಂಡಲ್‌ಗೆ ಇ-ಬುಕ್ ಹಾಕೋಕೆ ದುಡ್ಡು ಕೊಡಬೇಕಿಲ್ಲ, ಆರ್ಡರ್ ಬಂದಷ್ಟೇ ಅಚ್ಚು ಹಾಕೋರೂ ಇದಾರೆ. ಕಿಂಡಲಲ್ಲಿ ನಮ್ಮ ದೇಶದ ಮಾರಾಟಕ್ಕೆ 70 ಪರ್ಸೆಂಟ್ ರಾಯಲ್ಟಿ ಬೇಕು ಅಂದ್ರೆ ಇ-ಬುಕ್ಕನ್ನ 90 ದಿನ ಬೇರೆಲ್ಲೂ ಹಾಕಬಾರದು ಅನ್ನೋ ಕರಾರು ಒಂದಿದೆಯಂತೆ, ಅದನ್ನ ಓದ್ಕೊಂಡು ಆಮೇಲೆ ಒಪ್ಕೋ. ಎಡಿಟರ್‌ಗೆ ಮಾತ್ರ ಖರ್ಚು ಮಾಡು, ಕೈಲಾದಷ್ಟು.

ಆದ್ರೆ ಅಲ್ಲೂ ಮೌನ ಇರತ್ತೆ, ಇದನ್ನ ನಾನು ಹೇಳ್ಲೇಬೇಕು. ಮಾಟುಂಗಾದ ಮೈಸೂರು ಅಸೋಸಿಯೇಷನ್ನಲ್ಲಿ, ಮಾಹಿಮಿನ ಕರ್ನಾಟಕ ಸಂಘದಲ್ಲಿ ಎಷ್ಟು ಪುಸ್ತಕ ಬಿಡುಗಡೆಗೆ ಹೋಗಿದೀನಿ, ಅವತ್ತು ಹಾರ ಭಾಷಣ ಉಪ್ಪಿಟ್ಟು ಎಲ್ಲ ಆಗತ್ತೆ, ಮಾರನೇ ದಿನದಿಂದ ಕಟ್ಟುಗಳು ಮಂಚದ ಕೆಳಗೆ. ನಮ್ಮ ಲೈಬ್ರರಿಗೆ ಒಬ್ಬರು ರಿಟೈರ್ಡ್ ಗುಮಾಸ್ತರು ತಾವೇ ಹಾಕಿಸಿದ ಕಾದಂಬರಿ ಎರಡು ಪ್ರತಿ ಕೊಟ್ಟು ಹೋಗಿದ್ರು. ಆಗಾಗ ಬಂದು ಯಾರಾದ್ರೂ ತಗೊಂಡ್ರಾ ಅಂತ ಕೇಳೋರು. ಬಹಳ ಕಾಲ ಆ ಪುಸ್ತಕದ ಹಿಂದಿನ ಸ್ಲಿಪ್ಪಿನ ಮೇಲೆ ಒಂದು ಸೀಲೂ ಬಿದ್ದಿರ್ಲಿಲ್ಲ. ಆಮೇಲೊಂದು ವರ್ಷ ಒಬ್ಬ ಹುಡುಗಿ ತಗೊಂಡ್ಲು, ಅವಳ ಗೆಳತಿ ತಗೊಂಡ್ಲು, ಒಂದಾದ ಮೇಲೊಂದು ತಾರೀಖು. ಅವರು ಬಂದಾಗ ತೆಗೆದು ತೋರಿಸ್ದೆ. ಕನ್ನಡಕ ಒರೆಸ್ಕೊಂಡು ಪ್ರತಿ ತಾರೀಖೂ ಓದಿದ್ರು. ಓದುಗರು ತಡವಾಗಿ ಬರ್ತಾರೆ ಪುಟ್ಟಿ, ಬಂದ್ರೂ ನಿನಗೆ ಹೇಳಿ ಬರಲ್ಲ.

ಹಾಗಾಗಿ ಮೊದಲು ಏಜೆಂಟರಿಗೆ ಕಳಿಸು ಅಂತ ನನ್ನ ಮನಸ್ಸು ಹೇಳತ್ತೆ, ತಪ್ಪಿದ್ರೆ ಬಿಡು. ಅವರಿಗೆ ಕಳಿಸಿ ಆಗದಿದ್ರೆ ನೀನೇ ಪುಸ್ತಕ ತರೋ ದಾರಿ ಯಾವಾಗ್ಲೂ ತೆರೆದಿರತ್ತೆ. ಮೊದಲೇ ಪುಸ್ತಕ ತಂದ್ಬಿಟ್ರೆ ಅದನ್ನೇ ಏಜೆಂಟರು ಮತ್ತೆ ಕೈಗೆತ್ತಿಕೊಳ್ಳೋದು ಕಷ್ಟವಂತೆ. ಕಾಯೋ ಹೊತ್ತಲ್ಲಿ ಸುಮ್ಮನಿರಬೇಡ, ಮುಂದಿನದು ಶುರು ಮಾಡು. ಆ ಕಂಪನಿಯವರು ಶುಕ್ರವಾರದೊಳಗೆ ಅಡ್ವಾನ್ಸ್ ಕಳಿಸಿ ಅಂದಿದಾರಲ್ಲ, ಕಳಿಸಬೇಡ.

ಮತ್ತೆ, ಪೂರ್ತಿ ಕಾದಂಬರಿ ಪ್ರಿಂಟ್ ತೆಗೆಸಿ ನನಗೊಂದು ಪ್ರತಿ ಕಳಿಸು, ಅಕ್ಷರ ಸ್ವಲ್ಪ ದೊಡ್ಡದಿರ್ಲಿ. ನನ್ನ ಇಂಗ್ಲಿಷ್ ನಿಧಾನ, ತಿಂಗಳು ಹಿಡಿಯತ್ತೆ. ಒಂದೊಂದು ಅಧ್ಯಾಯ ಮುಗಿದ ಹಾಗೂ ಏನನ್ನಿಸ್ತು ಅಂತ ಬರೀತೀನಿ, ಚೆನ್ನಾಗಿಲ್ಲ ಅನ್ನಿಸಿದ್ರೆ ಅದನ್ನೂ ಬರೀತೀನಿ.

ನಿನ್ನ
ದೊಡ್ಡಮ್ಮ