ಮೊದಲು ಹೆಂಡತಿ, ಆಮೇಲೆ ಅಮ್ಮ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು "ನಟಿ ಪಂಡರಿಬಾಯಿ ಅಂದ್ರೆ ಸಿನಿಮಾದಲ್ಲಿ ಅದೇ ಅಳೋ ಅಮ್ಮ ಅಲ್ವಾ?" ಅಂದೆ. ಮಾತು ಬೇರೆ ಕಡೆ ಹೊರಳಿತು, ನಾನೂ ಸುಮ್ಮನಾದೆ. ಆದರೆ ಆ ಮಾತು ಇನ್ನೂ ಕೊರೆಯುತ್ತಲೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

1954ರ 'ಬೇಡರ ಕಣ್ಣಪ್ಪ' ರಾಜಕುಮಾರ್ ನಾಯಕನಾಗಿ ಬಂದ ಮೊದಲ ಸಿನಿಮಾ ಅಂತ ನಿನಗೆ ಗೊತ್ತು. ಅದರಲ್ಲಿ ಕಣ್ಣಪ್ಪನ ಹೆಂಡತಿ ಯಾರು? ಇದೇ ಪಂಡರಿಬಾಯಿ. ಅದಕ್ಕೂ ಎರಡು ವರ್ಷ ಮೊದಲು, ತಮಿಳಿನ 'ಪರಾಶಕ್ತಿ'ಯಲ್ಲಿ ಶಿವಾಜಿ ಗಣೇಶನ್ ಮೊದಲ ಸಲ ತೆರೆಗೆ ಬಂದಾಗಲೂ ನಾಯಕಿ ಇವರೇ. ಆ ಇಬ್ಬರೂ ಆಗ ಸಿನಿಮಾಕ್ಕೆ ಹೊಸಬರು. ಇವರೋ 1943ರ 'ವಾಣಿ'ಯ ಕಾಲದಿಂದ ಕ್ಯಾಮೆರಾ ಕಂಡವರು.

ಮುಂದೆ ಆಗಿದ್ದು ನೋಡು. 1986ರ 'ಅನುರಾಗ ಅರಳಿತು'ವಿನಲ್ಲಿ ರಾಜಕುಮಾರ್ ಇನ್ನೂ ನಾಯಕ. ಅವರಿಗೆ ತಾಯಿಯಾಗಿ ಪಂಡರಿಬಾಯಿ! ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಇದು ನನಗೆ ಅನ್ಯಾಯ ಅಂತಲೇ ಅನಿಸುತ್ತದೆ. ಆದರೆ ಪರದೆಯ ಮೇಲೆ ಅವರನ್ನು ನೋಡುವಾಗ ಆ ಲೆಕ್ಕ ಮರೆತೇ ಹೋಗುತ್ತದೆ. ಪಾರ್ಶ್ವವಾಯು ಹೊಡೆದ ತಾಯಿಯ ಪಾತ್ರ ಅದು. ಓಡಾಟ ಇಲ್ಲ, ಇರುವುದು ಕಣ್ಣು ಮತ್ತು ದನಿ. ಮಗನ ಆರೈಕೆಯನ್ನು ಒಪ್ಪಿಕೊಳ್ಳುವ ಆ ಮುಖದಲ್ಲಿ ಪ್ರೀತಿಯ ಜೊತೆಗೆ, ಮಗನಿಗೆ ಹೊರೆಯಾದೆನಲ್ಲ ಅನ್ನುವ ಸಂಕಟವೂ ನನಗೆ ಕಾಣುತ್ತದೆ. ಅದೇ ಕಥೆ 1992ರಲ್ಲಿ ತಮಿಳಿನ 'ಮನ್ನನ್' ಆದಾಗ, ರಜನಿಕಾಂತ್ ತಾಯಿಯಾಗಿ ಮತ್ತೆ ಅವರನ್ನೇ ಕರೆದರು.

ನನಗೆ ಎಲ್ಲಕ್ಕಿಂತ ಇಷ್ಟ ಮಾತ್ರ 'ಬೆಳ್ಳಿಮೋಡ'. 1967ರದು, ಪುಟ್ಟಣ್ಣ ಕಣಗಾಲರ ಸಿನಿಮಾ. ಎಲ್ಲರೂ ಮಗಳ ಪಾತ್ರ ಮಾಡಿದ ಕಲ್ಪನಾ ಬಗ್ಗೆ ಮಾತಾಡುತ್ತಾರೆ, ಆಡಲೇಬೇಕು. ಆದರೆ ಕಥೆ ತಿರುಗುವುದು ಪಂಡರಿಬಾಯಿ ಮಾಡಿದ ತಾಯಿಯ ಬಸಿರಿನಿಂದ ಅಲ್ವಾ? ಮಗಳ ಮದುವೆ ಗೊತ್ತಾಗಿರುವ ಹೊತ್ತಿನಲ್ಲಿ ತಾನೇ ಬಸುರಿಯಾಗುವ ಹೆಂಗಸು ಆಕೆ. ಗಂಡು ಮಗು ಹುಟ್ಟುತ್ತದೆ, ಇಡೀ ಆಸ್ತಿ ಒಬ್ಬಳೇ ಮಗಳಿಗೆ ಅನ್ನುವ ಮಾತು ಹೋಗುತ್ತದೆ, ಅದರ ಹಿಂದೆಯೇ ಅಳಿಯನಾಗಬೇಕಿದ್ದವನ ಬಣ್ಣ ಬಯಲಾಗುತ್ತದೆ. ಈ ತಾಯಿಯ ಮೇಲೆ ನಮಗೆ ಮುನಿಸು ಬಂದಿದ್ದರೆ ಸಿನಿಮಾ ಅಲ್ಲೇ ಕೆಡುತ್ತಿತ್ತು. ಬರುವುದಿಲ್ಲ. ಅವಳ ಸಂತೋಷವನ್ನು ನಮ್ಮದೇ ಅನ್ನುವ ಹಾಗೆ ಮಾಡಿಬಿಡುತ್ತಾರೆ ಪಂಡರಿಬಾಯಿ. ಅಳು ಅದರಲ್ಲಿ ಒಂದು ಪಾಲು ಮಾತ್ರ.

2003ರಲ್ಲಿ ಅವರು ತೀರಿಕೊಂಡರು. ಅವರ ಎಷ್ಟೋ ಪಾತ್ರಗಳನ್ನು ನಾನಿನ್ನೂ ನೋಡಿಲ್ಲ. ಒಂದೊಂದಾಗಿ ಹುಡುಕುತ್ತಿದ್ದೇನೆ.

ಈ ಭಾನುವಾರ ಬಿಡುವಿದ್ದರೆ 'ಬೆಳ್ಳಿಮೋಡ' ನೋಡು. ತಾಯಿ ಇರುವಷ್ಟು ಹೊತ್ತು ಅವರ ಮುಖವನ್ನೇ ನೋಡು. ಆಮೇಲೆ ಫೋನ್ ಮಾಡು, ಎಷ್ಟು ಹೊತ್ತಾದರೂ ಎತ್ತುತ್ತೇನೆ.

ನಿನ್ನ ಗೆಳೆಯ